ಎತ್ತಿಟ್ಟ ಸಸಿ

ಇಂಕ್ ಪ್ಯಾಡನ್ನು ತಿಪಟೂರಿನಲ್ಲಿ ಕೊಳ್ಳಬಾರದಿತ್ತು, ಬೆಂಗಳೂರಿನಿಂದಲೇ ತರಬೇಕಿತ್ತು ಎಂದು ತೋಂಟದಾರ್ಯನಿಗೆ ನೊಣವಿನಕೆರೆಯ ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು. ಅಂಗಡಿಯವನು ಮುಚ್ಚಳ ತೆಗೆದು, ಮಸಿ ಹಸಿಯಾಗಿದೆಯೇ ಎಂದು ಬೆರಳಿಟ್ಟು ನೋಡಿ, "ಯಾವ ಆಫೀಸು ಸ್ವಾಮಿ ನಿಮ್ದು?" ಎಂದಿದ್ದ. ಆಫೀಸಲ್ಲ, ಕಾನೂನು ಓದುತ್ತಿದ್ದೇನೆ ಎಂದದ್ದಕ್ಕೆ "ಓದೋರಿಗೆ ಹೆಬ್ಬೆಟ್ಟಿನ ಪ್ಯಾಡ್ ಯಾಕ್ರೀ" ಎಂದು ನಕ್ಕ. ಬೆಳಗಿನ ಬೋಣಿಯ ತಮಾಷೆ ಅಷ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಮಾತ್ರ ಅದು ಬೇರೆ ಥರ ಕೇಳಿಸಬೇಕು. ಇವನಿಗೆ ಹಾಗೇ ಕೇಳಿಸಿತು. ಕಾಗದ ಸುತ್ತಿಸಿಕೊಳ್ಳುವಷ್ಟೂ ನಿಲ್ಲದೆ ಪ್ಯಾಡನ್ನು ಚೀಲಕ್ಕೆ ತುರುಕಿಕೊಂಡು ಬಂದಿದ್ದ. ಈಗ ಬಸ್ಸು ಕುಲುಕಿದಾಗಲೆಲ್ಲ ಮುಚ್ಚಳ ಸಡಿಲವಾಗಿ, ಅರ್ಜಿ ಭದ್ರವಾಗಿದೆಯೇ ಎಂದು ಚೀಲದೊಳಗೆ ಕೈಯಾಡಿಸಿದರೆ ಮೂರು ಬೆರಳು ನೇರಳೆಯಾದವು. ಪಕ್ಕದಲ್ಲಿದ್ದ ಮುದುಕ ಆ ಬೆರಳುಗಳನ್ನು ನೋಡಿದ, ಇವನ ಕನ್ನಡಕವನ್ನು ನೋಡಿದ, ಎರಡಕ್ಕೂ ತಾಳೆಯಾಗದೆ "ಎಲ್ಲಿ ಒತ್ತಿ ಬಂದ್ರಿ?" ಎಂದು ಕೇಳಿದ. ತೋಂಟದಾರ್ಯ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದ.

ಅರ್ಜಿ ದೆಹಲಿಯ ಒಂದು ಸಂಸ್ಥೆಯದು. ಆರೋಗ್ಯ ಮತ್ತು ಮಾನವ ಹಕ್ಕುಗಳ ಬಗ್ಗೆ ಸಂಶೋಧನೆ ಮಾಡುವ ಕಾನೂನು ವಿದ್ಯಾರ್ಥಿಗಳಿಗೆ ಎರಡು ವರ್ಷದ ವಿದ್ಯಾರ್ಥಿವೇತನ. ಇಡೀ ದೇಶಕ್ಕೆ ನಾಲ್ಕೇ ಜನ. ಸೋಮವಾರದೊಳಗೆ ಅಂಚೆಗೆ ಬೀಳಬೇಕು. ಮೂರನೆಯ ಪುಟದಲ್ಲಿ ಒಂದು ಪ್ರಶ್ನೆ: ಈ ವಿಷಯದಲ್ಲಿ ನಿಮ್ಮ ಹಿನ್ನೆಲೆ ಏನು? ಎಲ್‌ಎಲ್‌ಎಂ ತರಗತಿಯ ಉಳಿದವರಿಗೆ ಅಲ್ಲಿ ಬರೆಯಲು ಪುಸ್ತಕದ ಹೆಸರುಗಳು ಬಿಟ್ಟರೆ ಏನೂ ಇರಲಿಲ್ಲ. ಇವನು ಬರೆದಿದ್ದ: ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ತಾತ್ಕಾಲಿಕ ಆರೋಗ್ಯ ಕಾರ್ಯಕರ್ತನಾಗಿದ್ದೆ, ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ ಬಡವರ ಒಪ್ಪಿಗೆ ಎಂಬುದು ಹೇಗೆ ಬರಿಯ ಹೆಬ್ಬೆಟ್ಟಾಗಿತ್ತು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಪ್ರೊಫೆಸರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇವನನ್ನು ಹೊಸದಾಗಿ ನೋಡುವಂತೆ ನೋಡಿದರು. "ಇದನ್ನು ಇಷ್ಟು ದಿನ ಯಾಕಪ್ಪಾ ಬಚ್ಚಿಟ್ಟಿದ್ದೆ?" ಎಂದರು. ಆ ನೋಟಕ್ಕೆ ಇವನು ಹಿಗ್ಗಿದ್ದು ಸುಳ್ಳಲ್ಲ. ಹಿಗ್ಗಿ, ಮೆಟ್ಟಿಲಿಳಿದು, ಹಾಸ್ಟೆಲ್ಲಿನ ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುವಾಗ ಮೈಯೆಲ್ಲ ನಾಚಿಕೆಯಾಗಿತ್ತು. ಕಂಡಿದ್ದೇನೆ ಅಂತೆ. ಅನ್ನ ಬೇಯಿಸಿದವನು ನಾನು ಹೊಗೆ ಕಂಡಿದ್ದೇನೆ ಎಂದ ಹಾಗೆ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಹಾಗೆ ಶಸ್ತ್ರಚಿಕಿತ್ಸೆಯಾದ ಒಬ್ಬನ ಹೇಳಿಕೆಯನ್ನು ಬರೆಸಿಕೊಂಡು ಬಾ, ಅರ್ಜಿಯ ಜೊತೆ ಲಗತ್ತಿಸೋಣ, ಆಮೇಲೆ ನಿನ್ನನ್ನು ತಡೆಯುವವರಿಲ್ಲ ಎಂದುಬಿಟ್ಟರು. ಯಾರಾದರೂ ಗೊತ್ತೆ ಎಂದು ಕೇಳಿದಾಗ, ಒಬ್ಬನಿದ್ದಾನೆ ಸಾರ್, ನಮ್ಮ ತೋಟದಲ್ಲಿ ಕಾಯಿ ಕೆಡವುತ್ತಿದ್ದ ಲಕ್ಕಯ್ಯ, ಎಂದು ಇವನ ಬಾಯಿಯೇ ಹೇಳಿತು.

ಮನೆಗೆ ಬಂದಾಗ ಅವ್ವ ಗುರುಶಾಂತಮ್ಮ ಹಿತ್ತಲಲ್ಲಿದ್ದಳು. ಬಚ್ಚಲ ನೀರು ಹರಿದುಹೋಗುವ ಕಡೆ ಒತ್ತಾಗಿ ತೆಂಗಿನ ಸಸಿಗಳು. ಅವುಗಳಿಂದ ಒಂದು ಮೊಳ ಆಚೆಗೆ ಒಂದೇ ಒಂದು ಸಸಿ ಬೇರೆ ಇತ್ತು. ಅಣ್ಣ ಕೊಬ್ಬರಿ ಮಂಡಿಗೆ ಹೋಗಿದ್ದಾನೆ, ಸಂಜೆ ಬರುತ್ತಾನೆ, ನೀನೇನು ಹೇಳದೆ ಕೇಳದೆ ಬಂದೆ ಎಂದಳು. ಲಕ್ಕಯ್ಯನನ್ನು ನೋಡಬೇಕು, ಓದಿನ ವಿಷಯ ಎಂದ. ಲಕ್ಕಯ್ಯನಿಗೂ ಓದಿಗೂ ಏನು ಸಂಬಂಧ ಎಂದು ಕೇಳುವ ಜಾಯಮಾನ ಅವಳದಲ್ಲ. "ಹೋದ್ರೆ ಅವನ ಹೆಂಡ್ತಿ ಸಿದ್ದಕ್ಕನ್ನ ಒಂದು ಮಾತು ಕೇಳಪ್ಪ, ಈ ಸಲಾನಾದ್ರೂ ಏನಾದ್ರೂ ಐತಾ ಅಂತ. ಸಸಿ ಎತ್ತಿಟ್ಟಿದೀನಿ ಅಂತ ಹೇಳು," ಎಂದಳು. ಆಮೇಲೆ, ಪ್ರತಿ ವರ್ಷ ಹೇಳುವುದನ್ನೇ ಹೇಳಿದಳು: "ಅವಳ್ದೇ ತಪ್ಪು ಕಣೋ. ಮಕ್ಕಳಾಗ್ಲಿ ಅಂತ ಕೆಂಕೆರೆ ಗುಡಿಗೆ ಐದು ವಾರ ಹೋಗು ಅಂದ್ರೆ ಮೂರು ವಾರಕ್ಕೆ ಬಿಟ್ಟಳು. ದೇವ್ರು ಅಂದ್ರೆ ಭಯ ಬ್ಯಾಡ್ವಾ ಹೆಂಗಸಿಗೆ? ಮೊನ್ನೇನೂ ಚೆನ್ನಾಗಿ ಬೈದೆ." ಬೈಯಿಸಿಕೊಂಡ ಸಿದ್ದಕ್ಕ ಏನಂದಳು ಎಂದು ತೋಂಟದಾರ್ಯ ಕೇಳಲಿಲ್ಲ. ಅವ್ವ ಇಟ್ಟ ಉಪ್ಪಿಟ್ಟನ್ನು ಎಡಗೈಯಲ್ಲಿ ತಿನ್ನಲಾಗದೆ ಚಮಚ ಕೇಳಿ ತಿಂದ. ನೇರಳೆ ಬೆರಳನ್ನು ನೋಡಿ ಅವಳು, ಇದೇನು ಇಂಗ್ಲಿಷ್ ಓದಿದೋರ ಚಾಳಿ ಎಂದು ನಕ್ಕಳು.

ಅವರ ಊರಿನಲ್ಲಿ ಮಗು ಹುಟ್ಟಿದ ಹನ್ನೊಂದನೆಯ ದಿನ ಹಿತ್ತಲಲ್ಲಿ ಒಂದು ತೆಂಗಿನ ಸಸಿ ನೆಡುತ್ತಾರೆ. ಅದು ಆ ಮಗುವಿನ ಗಿಡ. ಮಗು ಉಳಿಯದೆ ಹೋದರೂ ಗಿಡವನ್ನು ಕೀಳುವುದಿಲ್ಲ, ಬೇರೆ ಮಗುವಿನದೆಂದು ಕರೆಯುವುದಿಲ್ಲ. ತೋಟ ಇದ್ದವರು ತಮ್ಮ ಕೆಲಸದವರ ಮನೆಗೆ ಸಸಿ ಕೊಡಬೇಕು. ಅದು ಕೇಳಿ ಪಡೆಯುವುದಲ್ಲ, ತಾನಾಗಿ ಹೋಗಬೇಕು. ಲಕ್ಕಯ್ಯನ ಮನೆಗೆ ಗುರುಶಾಂತಮ್ಮನ ಹಿತ್ತಲಿನಿಂದ ಮೂರು ಸಸಿ ಹೋಗಿದ್ದವು. ಎರಡನೆಯದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಕೊಟ್ಟವನು ತೋಂಟದಾರ್ಯನೇ. ಆಗಿನ್ನೂ ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ. ಸಿದ್ದಕ್ಕ ಬಾಗಿಲಿನ ಮರೆಯಲ್ಲಿ ಹಸುಗೂಸನ್ನು ಎತ್ತಿ ತೋರಿಸಿದ್ದಳು. ಕೂಸು ಇವನ ಕಡೆ ನೋಡಿ ಆಕಳಿಸಿತ್ತು. ಹದಿನೈದು ದಿನಕ್ಕೆ ಅದು ಹೋಯಿತು. ಮೊದಲನೆಯ ಗಂಡುಮಗು ಅದರ ಹಿಂದಿನ ವರ್ಷವೇ ದಡಾರ ಬಂದು ಹೋಗಿತ್ತು. ಉಳಿದದ್ದು ಮೂರನೆಯವಳು, ಭೂತಮ್ಮ. ಇದೆಲ್ಲ ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಅವನೂ ಹೇಳುವಂತಿಲ್ಲ.

ತೋಟದ ನಡುವಿನ ಕಾಲುದಾರಿಯಲ್ಲಿ ಬಿದ್ದ ಗರಿಗಳನ್ನು ದಾಟುತ್ತ ಹೋಗುವಾಗ ಅವನು ಮನಸ್ಸಿನಲ್ಲಿ ಎಪ್ಪತ್ತಾರನೆಯ ಇಸವಿಯಲ್ಲಿ ಆಪರೇಷನ್ ಕ್ಯಾಂಪು ನಡೆದ ಶಾಲೆಯ ಜಗಲಿಯಲ್ಲಿ ಕೂತಿದ್ದ. ಎದುರಿಗೆ ಬೆಂಚು, ಬೆಂಚಿನ ಮೇಲೆ ಫಾರಂಗಳ ಕಟ್ಟು, ಇಂಥದೇ ಒಂದು ಪ್ಯಾಡು. ಹೆಲ್ತ್ ಇನ್‌ಸ್ಪೆಕ್ಟರ್ ಪರಮಶಿವಯ್ಯನವರು ಜೀಪಿನ ಬಾನೆಟ್ಟಿನ ಮೇಲೆ ಪಟ್ಟಿ ಇಟ್ಟುಕೊಂಡು ಹೆಸರು ಕರೆಯುತ್ತಿದ್ದರು. ತಲೆಗೆ ಹನ್ನೆರಡು ಆಪರೇಷನ್ ಕೇಸು ತರಬೇಕು; ತಂದವರ ನೌಕರಿ ಉಳಿಯುತ್ತದೆ, ತರದವರು ನಾಳೆಯಿಂದ ಬರುವುದು ಬೇಡ. ತೋಂಟದಾರ್ಯನದು ಹನ್ನೊಂದಾಗಿತ್ತು. "ಒಂದಕ್ಕೆ ಯಾಕ್ರೀ ಮುಖ ಸಣ್ಣ ಮಾಡ್ಕಂತೀರಿ, ನಿಮ್ಮ ತೋಟದಲ್ಲಿ ಆಳುಗಳಿಲ್ವೇನ್ರೀ" ಎಂದು ಎಲ್ಲರೆದುರು ಕೇಳಿದ್ದರು ಪರಮಶಿವಯ್ಯ. ಉಳಿದ ಹುಡುಗರು ನಕ್ಕರು. ಆ ನಗೆಯೊಂದನ್ನು ತಾಳಲಾರದೆ ಅವನು ಸೈಕಲ್ಲು ಹತ್ತಿದ. ನೌಕರಿಗಾಗಿ ಎಂದಿದ್ದರೆ ಅದಕ್ಕೊಂದು ಮರ್ಯಾದೆಯಿತ್ತು. ಏಳು ವರ್ಷ ಹಿಂದುಮುಂದು ಮಾಡಿ ನೋಡಿದರೂ ಅವನಿಗೆ ಕಾಣುವುದು ಅಷ್ಟೆ: ನಾಲ್ಕು ಜನರ ನಗೆ. ಅದರ ಮಾರನೆಯ ವರ್ಷ ನೌಕರಿಯನ್ನು ಅವನೇ ಬಿಟ್ಟು ಲಾ ಕಾಲೇಜು ಸೇರಿದ್ದ, ಅದೂ ಅನ್ಯಾಯವನ್ನು ಎದುರಿಸುತ್ತೇನೆಂದು ಗೆಳೆಯರಿಗೆ ಹೇಳಿ.

ಆವತ್ತು ಲಕ್ಕಯ್ಯ ಮರದ ಮೇಲಿದ್ದ. ಇಳಿದು ಬಾ ಎಂದದ್ದಕ್ಕೆ ಇಳಿದು, ಸೊಂಟದ ಕತ್ತಿ ತೆಗೆದಿಟ್ಟು, ಸೈಕಲ್ಲಿನ ಹಿಂದೆ ಕೂತ. ದಾರಿಯಲ್ಲಿ ಏನೂ ಕೇಳಲಿಲ್ಲ. ಜಗಲಿಯ ಹತ್ತಿರ ಬಂದಾಗ ಮಾತ್ರ "ಏನ್ ಬುದ್ಧಿ ಇದು?" ಎಂದ. ಸಣ್ಣ ಆಪರೇಷನ್ನು, ಹೊಲಿಗೆ ಹಾಕಿ ಕಳಿಸುತ್ತಾರೆ ಎಂದ ತೋಂಟದಾರ್ಯ. ಸಿದ್ದಕ್ಕನಿಗೆ ಇನ್ನೊಂದು ಮಗುವಿನ ಆಸೆ ಇದೆ ಎಂದ ಲಕ್ಕಯ್ಯ. ಹಿತ್ತಲಲ್ಲಿ ನಾಲ್ಕನೆಯ ಸಸಿಗೆ ಗುಂಡಿಯನ್ನೂ ತೆಗೆದು ಬಿಸಿಲಿಗೆ ಬಿಟ್ಟಿದ್ದೇನೆ ಎಂದ. "ಒಂದೆರಡು ವರ್ಷ ಅಷ್ಟೆ ಲಕ್ಕಯ್ಯ, ಆಮೇಲೆ ಸರಿಹೋಗುತ್ತೆ." ಹೀಗೆಂದವನು ಪರಮಶಿವಯ್ಯನಲ್ಲ. ಆಮೇಲೆ ಫಾರಂ. ಬದುಕಿರುವ ಮಕ್ಕಳೆಷ್ಟು ಎಂಬಲ್ಲಿ ಎರಡಕ್ಕಿಂತ ಕಡಿಮೆಯಿದ್ದರೆ ಡಾಕ್ಟರು ವಾಪಸು ಕಳಿಸಿಬಿಡುತ್ತಿದ್ದರು. ಮಕ್ಕಳೆಷ್ಟು ಎಂದು ಕೇಳಿದ, ಬದುಕಿರುವ ಎಂಬ ಮಾತನ್ನು ಬಿಟ್ಟು. ಲಕ್ಕಯ್ಯ ಹಿತ್ತಲನ್ನು ನೆನೆದು "ಮೂರು, ಬುದ್ಧಿ" ಎಂದ. ಆ ಊರಿನ ಯಾವ ಗಂಡಸಾದರೂ ಹಾಗೇ ಹೇಳುತ್ತಿದ್ದ. ಆ ಊರಿನವನೇ ಆದ ತೋಂಟದಾರ್ಯ ಅದನ್ನು ಹಾಗೇ ಬರೆದುಕೊಂಡ, ಹೆಬ್ಬೆಟ್ಟನ್ನು ತಾನೇ ಹಿಡಿದು ಒತ್ತಿಸಿದ. ಬೆರಳು ಮರದ ತೊಗಟೆಯಷ್ಟು ಒರಟಾಗಿತ್ತು. ಆರನೆಯ ದಿನಕ್ಕೆ ಇವನ ಅಪ್ಪ ಶಂಭುಲಿಂಗಯ್ಯ, ಏನೂ ಗೊತ್ತಿಲ್ಲದೆ, ಕಾಯಿ ಕೆಡವಲು ಹೇಳಿಕಳಿಸಿದರು. ಲಕ್ಕಯ್ಯ ಬಂದು ಮರ ಹತ್ತಿದ. ಹೊಲಿಗೆ ಬಿಚ್ಚಿ ಕೀವಾಗಿ ಎರಡು ತಿಂಗಳು ಮಲಗಿದ. ಮತ್ತೆ ಅವನು ಮರ ಹತ್ತಲಿಲ್ಲ.

ಈಗ ಗುಡಿಸಲಿನ ಮುಂದೆ ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಚುಚ್ಚಿ ಸುಲಿಯುತ್ತಿದ್ದ. ಇವನನ್ನು ಕಂಡು ಎದ್ದು ನಿಂತ. ಸಿದ್ದಕ್ಕ ಬಾಗಿಲ ಬಳಿ ಕೂತು ಪೊರಕೆಗೆ ಕಡ್ಡಿ ಸೀಳುತ್ತಿದ್ದಳು, ಸೆರಗು ಸರಿಮಾಡಿಕೊಂಡಳು. ಬೆಂಗಳೂರಿನಿಂದ ಹೊರಡುವಾಗಲೇ ತೋಂಟದಾರ್ಯ ನಿಶ್ಚಯಿಸಿಕೊಂಡಿದ್ದ: ತನಗಿಂತ ದೊಡ್ಡವನು, ಈ ಸಲ ಬಹುವಚನದಲ್ಲೇ ಮಾತಾಡಬೇಕು. "ಕೂತ್ಕೊಳ್ಳಿ ಲಕ್ಕಯ್ಯ" ಎಂದ. ಲಕ್ಕಯ್ಯ ತನ್ನ ಬೆನ್ನ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದ. ಸಿದ್ದಕ್ಕ ಕಡ್ಡಿ ಸೀಳುವುದನ್ನು ನಿಲ್ಲಿಸಿದಳು. "ಕೂತ್ಕೋ" ಎಂದ ಮೇಲೆ ಅವನು ಸಿಪ್ಪೆಯ ರಾಶಿಯ ಪಕ್ಕ ಕೂತ.

ಏನು ಕೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆದದ್ದು ಯಾವುದೂ ಬರಲಿಲ್ಲ. ಸರ್ಕಾರದ ಆ ಕ್ಯಾಂಪಿನಲ್ಲಿ ತಪ್ಪು ನಡೆದಿದೆ, ಅದನ್ನು ಬರೆದು ದೆಹಲಿಗೆ ಕಳಿಸಬೇಕು, ನಡೆದದ್ದನ್ನು ನೀನು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ, ಹೇಳುವುದು ಬಿಡುವುದು ನಿನ್ನ ಇಷ್ಟ, ಬಲವಂತ ಇಲ್ಲ ಎಂದ. ಕೊನೆಯ ಮಾತು ಹೇಳುವಾಗ ಕಿವಿ ಉರಿಯಿತು. ಹೊಲಿಗೆಯ ಗಾಯ ಈಗ ಹೇಗಿದೆ ಎಂದು ಕೇಳಬೇಕೆನಿಸಿ, ಏಳು ವರ್ಷ ಕೇಳದವನು ಈಗ ಕೇಳಿದರೆ ಕಾಗದಕ್ಕಾಗಿ ಕೇಳಿದಂತಾಗುತ್ತದೆಂದು ಸುಮ್ಮನಾದ.

"ಇದ್ರಿಂದ ನಿಮ್ಗೆ ಒಳ್ಳೇದಾಯ್ತದಾ ಬುದ್ಧಿ?" ಎಂದ ಲಕ್ಕಯ್ಯ.

"ಆಗುತ್ತೆ. ದೊಡ್ಡ ಓದಿಗೆ ಸೇರಿಸ್ಕೊಳ್ತಾರೆ."

"ಹಂಗಾರೆ ಬರ್ಕಳಿ," ಎಂದು ಹೇಳತೊಡಗಿದ. ಕ್ಯಾಂಪು ಇತ್ತು, ಹೋದೆ. ಒಂದೆರಡು ವರ್ಷಕ್ಕೆ ಸರಿಹೋಗುತ್ತೆ ಅಂದರು. ಆಗಲಿಲ್ಲ. ಎರಡು ವರ್ಷದ ಮೇಲೆ ಆಸ್ಪತ್ರೆಯ ನರ್ಸಮ್ಮ, ಇದು ಜನ್ಮಕ್ಕೂ ಸರಿಹೋಗೋದಲ್ಲ ಅಂದಳು. ತೋಂಟದಾರ್ಯ ತಲೆ ಎತ್ತದೆ ಬರೆಯುತ್ತಿದ್ದ. ಯಾರು ಕರ್ಕೊಂಡು ಹೋದ್ರು ಎಂದು ಕೇಳಲೇಬೇಕಿತ್ತು, ಕೇಳಿದ. ಲಕ್ಕಯ್ಯ ಸಿಪ್ಪೆಯಿಂದ ಒಂದು ನಾರನ್ನು ಎಳೆದ.

"ಯಾರೋ ಒಬ್ಬ ಗುಮಾಸ್ತ ಅಂತ ಬರ್ಕಳಿ. ಆಚೆ ಕಡೆಯೋನು. ಮುಖ ಜ್ಞಾಪಕ ಇಲ್ಲ."

"ಲಕ್ಕಯ್ಯ..."

"ಬುಡಿ ಬುದ್ಧಿ. ಓದೋ ಹುಡುಗ್ರು. ನಿಮ್ಮ ಹೆಸ್ರು ಕಾಗದದಲ್ಲಿ ಯಾಕೆ?"

ಲೇಖನಿ ನಿಂತದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅದು ಯಾರೋ ಒಬ್ಬ ಗುಮಾಸ್ತ ಎಂದು ಬರೆಯಿತು. ಬರೆದ ಮೇಲೆ ಎದೆಯ ಮೇಲಿನ ಭಾರ ಇಳಿದಂತಾಯಿತು, ಇಳಿದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆ ಮಾತನ್ನು ಲಕ್ಕಯ್ಯ ಈ ದಿನಕ್ಕಾಗಿ ಹುಟ್ಟಿಸಿದ್ದಲ್ಲ. ಅಪ್ಪ ಕೇಳಿದಾಗ, ಅವ್ವ ಕೇಳಿದಾಗ, ಊರವರು ಕೇಳಿದಾಗ ಏಳು ವರ್ಷ ಹೇಳಿ ಹೇಳಿ ನಯವಾಗಿದ್ದ ಮಾತು. ಆಪರೇಷನ್ನು ಯಾತರದೆಂದು ಮಾತ್ರ ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಈ ಮನುಷ್ಯ ತನ್ನನ್ನು ಬೈದಿದ್ದರೆ, ಸಿಪ್ಪೆಯಲ್ಲಿ ಹೊಡೆದಿದ್ದರೆ, ಎಂದು ಯೋಚಿಸಿದ. ಅದೂ ತನ್ನ ಅನುಕೂಲಕ್ಕೇ ಎಂದು ಹೊಳೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ. ಲಕ್ಕಯ್ಯ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದ. ಆಗ ಬದುಕಿದ್ದ ಮಗು ಒಂದೇ, ಆದರೆ ಆ ಗುಮಾಸ್ತ ಮೂರು ಎಂದು ಸುಳ್ಳು ಬರೆದುಕೊಂಡ, ಎಂಬಲ್ಲಿಗೆ ಬಂದಾಗ ಬಾಗಿಲಿನಿಂದ ಸಿದ್ದಕ್ಕ ಮಾತಾಡಿದಳು.

"ಎಷ್ಟು ಅಂತ ಬರ್ದ್ರಿ?"

"ಒಂದು."

ಅವಳು ಎದ್ದಳು. ಮಡಿಲಲ್ಲಿದ್ದ ಕಡ್ಡಿಗಳು ನೆಲಕ್ಕೆ ಬಿದ್ದವು. "ಬನ್ನಿ ಬುದ್ಧಿ, ಇಲ್ಲಿ" ಎಂದು ಹಿತ್ತಲಿಗೆ ನಡೆದಳು. ಇವನು ಕಾಗದ ಹಿಡಿದುಕೊಂಡೇ ಹಿಂದೆ ಹೋದ. ಮೂರು ತೆಂಗು, ಮೂರೂ ಗೊನೆ ಬಿಟ್ಟಿದ್ದವು. ಅವುಗಳ ಸಾಲಿನಲ್ಲೇ ಅರ್ಧ ತುಂಬಿದ ಒಂದು ಗುಂಡಿ, ಅದರಲ್ಲಿ ಬೂದಿ, ಹಳೆಯ ಗರಿ. ಕ್ಯಾಂಪಿನಲ್ಲಿ ಕೊಟ್ಟಿದ್ದ ನೀಲಿ ಪ್ಲಾಸ್ಟಿಕ್ ಬಕೆಟ್ಟು ತಳ ಒಡೆದು ಅಲ್ಲೇ ಬೋರಲಾಗಿತ್ತು, ಅದರ ನೆರಳಿನಲ್ಲಿ ಒಂದು ಕೋಳಿ ಕೂತಿತ್ತು. ಸಿದ್ದಕ್ಕ ಮೊದಲನೆಯ ಮರಕ್ಕೆ ಅಂಗೈ ಒತ್ತಿದಳು.

"ಇವನು ದೊಡ್ಡೋನು. ಇವಳು ನಡುಕ್ಲೋಳು, ನೀವೇ ಸಸಿ ತಂದ್ರಲ್ಲ. ಅದು ಭೂತಮ್ಮ, ಇಸ್ಕೂಲಿಗೆ ಹೋಗವ್ಳೆ. ಒಂದು ಅಂತ ಹೆಂಗೆ ಬರೀತೀರಿ?"

"ಬದುಕಿರೋರ ಲೆಕ್ಕ ಕೇಳ್ತಾರೆ ಸಿದ್ದಕ್ಕ. ಒಂದು ಅಂತ ಬರೆದ್ರೇನೇ ತಪ್ಪು ನಡೆದಿದೆ ಅಂತ ಗೊತ್ತಾಗೋದು."

"ಅದೆಲ್ಲ ನಂಗೆ ತಿಳಿಯಾಕಿಲ್ಲ. ಹೆತ್ತೋಳು ನಾನು. ಎರಡನ್ನ ಮಣ್ಣಿಗೆ ಕೊಟ್ಟಿದ್ದಾಯ್ತು, ಕಾಗದದಿಂದ್ಲೂ ತೆಗೀಬೇಕಾ? ಆವತ್ತು ಇವ್ರು ಮೂರು ಅಂದಾಗ ಬರ್ಕಂಡ್ರಲ್ಲ, ಇವತ್ತೂ ಮೂರೇ ಬರ್ಕಳಿ."

ಚುಚ್ಚಿ ಹೇಳಿದಳೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳೋ, ಅವಳ ಮುಖದಿಂದ ಗೊತ್ತಾಗಲಿಲ್ಲ. ತೋಂಟದಾರ್ಯ ಮರಕ್ಕೆ ಕಾಗದ ಆನಿಸಿ ಒಂದು ಎಂಬುದನ್ನು ಹೊಡೆದು ಮೂರು ಎಂದು ಬರೆದ. ಸುಳ್ಳು ಎಂಬ ಮಾತಿಗೆ ಈಗ ಅರ್ಥವಿರಲಿಲ್ಲ, ಅದನ್ನೂ ಹೊಡೆದ. ಆಮೇಲೆ ಇಡೀ ಹಾಳೆಯನ್ನು ಮನಸ್ಸಿನಲ್ಲೇ ಓದಿಕೊಂಡ. ಅದರ ಪ್ರಕಾರ ಯಾರೋ ಒಬ್ಬ ಗುಮಾಸ್ತ, ಮೂರು ಮಕ್ಕಳ ತಂದೆಯೊಬ್ಬನಿಗೆ ಕಾಯಿದೆಯಂತೆ ಶಸ್ತ್ರಚಿಕಿತ್ಸೆ ಮಾಡಿಸಿದ್ದ. ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪು ಮಾಡಿದವನೂ ಇಲ್ಲ. ದೆಹಲಿಯವರು ಇದನ್ನು ಓದಿದರೆ ಆ ಕ್ಯಾಂಪಿಗೆ ಪ್ರಶಸ್ತಿ ಕೊಟ್ಟಾರು. ಲಕ್ಕಯ್ಯ ತಾನಾಗಿಯೇ ಬಂದು ಹೆಬ್ಬೆಟ್ಟು ಚಾಚಿ ನಿಂತಿದ್ದ. ತೋಂಟದಾರ್ಯ ಪ್ಯಾಡಿನ ಮುಚ್ಚಳ ತೆಗೆದ. ಒತ್ತಿದ ಮೇಲೆ ಲಕ್ಕಯ್ಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಇವನ ಕೈ ನೋಡಿ, "ನೀವೂ ಒರೆಸ್ಕಳಿ ಬುದ್ಧಿ, ಎಣ್ಣೆ ಜಿಡ್ಡಿಗೆ ಹೋಯ್ತದೆ" ಎಂದ.

ಹೊರಟವನನ್ನು ಸಿದ್ದಕ್ಕ ತೋಟದ ಬೇಲಿಯವರೆಗೆ ಹಿಂಬಾಲಿಸಿ ಬಂದಳು. ಲಕ್ಕಯ್ಯನಿಗೆ ಕೇಳಿಸದಷ್ಟು ದೂರ ಬಂದ ಮೇಲೆ, "ಬುದ್ಧಿ, ಅಮ್ಮೋರಿಗೆ ಒಂದು ಮಾತು ಹೇಳ್ಬೇಕು. ಇನ್ಮೇಲೆ ಸಸಿ ಎತ್ತಿಡೋದು ಬ್ಯಾಡ ಅಂತ ಹೇಳಿ. ವರ್ಸ ವರ್ಸ ಅವ್ರು ಕೇಳೋದು, ನಾನು ಇಲ್ಲ ಅನ್ನೋದು. ಬೈತಾರೆ, ಬೈಲಿ. ಆ ಸಸಿ ನೋಡಕಾಗಲ್ಲ ನಂಗೆ," ಎಂದಳು.

"ಯಾಕೆ ಅಂತ ಕೇಳಿದ್ರೆ?"

"ನಾವಂತೂ ಹೇಳಿಲ್ಲ. ನೀವು ಮಗ, ನೀವೇ ಹೇಳಿ."

ದೆಹಲಿಗೆ ಒಂದು ಸಾವಿರ ಮಾತಿನಲ್ಲಿ ಬರೆಯಬಹುದಾಗಿದ್ದುದನ್ನು ಮುಕ್ಕಾಲು ಮೈಲಿ ದೂರದ ಹಿತ್ತಲಲ್ಲಿ ಒಬ್ಬ ಹೆಂಗಸಿಗೆ ಹೇಳಬೇಕು. ಮನೆಯ ಹತ್ತಿರ ಬರುತ್ತ ಅವನ ನಡಿಗೆ ನಿಧಾನವಾಯಿತು. ಮೂರು ಗಂಟೆಗೆ ತಿಪಟೂರಿಗೆ ಬಸ್ಸಿದೆ, ಹಿಂಬಾಗಿಲಿನಿಂದ ಚೀಲ ಎತ್ತಿಕೊಂಡು ಹೊರಟರೆ ಅವ್ವ ಮಲಗಿರುತ್ತಾಳೆ ಎಂದುಕೊಂಡ. ಅವ್ವ ಮಲಗಿರಲಿಲ್ಲ. ಚೊಂಬಿನಿಂದ ಸಸಿಗಳಿಗೆ ನೀರು ಹಾಕುತ್ತಿದ್ದಳು. ಬೇರೆಯಾಗಿದ್ದ ಆ ಒಂದಕ್ಕೆ ಬಂದಾಗ ಕೂತು, ಬುಡದ ಮಣ್ಣನ್ನು ಬೆರಳಿನಿಂದ ಸಡಿಲ ಮಾಡಿದಳು.

"ಏನಂದ್ಲೋ ಸಿದ್ದಕ್ಕ?"

"ಸಸಿ ಎತ್ತಿಡೋದು ಬೇಡ ಅಂದ್ಲು."

"ಹಂಗಂದ್ಲಾ? ಸೊಕ್ಕು ನೋಡು ಅವಳ್ದು. ಯಾಕಂತೆ?"

ಇಂಗ್ಲಿಷಿನಲ್ಲಿ ಇದಕ್ಕೆ ಎಷ್ಟು ಚೆಂದದ ಮಾತುಗಳಿದ್ದವು. ಒಂದೂ ಈ ಹಿತ್ತಲಿಗೆ ಬರಲಿಲ್ಲ. "ಲಕ್ಕಯ್ಯನಿಗೆ ಆವತ್ತು ಆಪರೇಷನ್ ಮಾಡಿಸಿದ್ದು ನಾನು ಕಣವ್ವ," ಎಂದ. "ಅದು ಆದ್ಮೇಲೆ ಮಕ್ಕಳಾಗಲ್ಲ. ಮೂರು ಮಕ್ಕಳು ಅಂತ ಬರೆದೋನು ನಾನು."

ಗುರುಶಾಂತಮ್ಮ ಚೊಂಬು ಬಗ್ಗಿಸಿ ನೀರು ಬಿಡುತ್ತಲೇ ಇದ್ದಳು. "ಮೂರೇ ಅಲ್ವೇನೋ," ಎಂದಳು ಮೆಲ್ಲಗೆ. "ಮೂರು ಸಸೀನೂ ನಾನೇ ತಾನೆ ಕೊಟ್ಟಿದ್ದು."

ಅವಳಿಗೆ ಅರ್ಥವಾಗಲಿಲ್ಲವೋ, ಅರ್ಥವಾದದ್ದರಿಂದಲೇ ಹಾಗೆಂದಳೋ. ಲಕ್ಕಯ್ಯ ತೆರೆದುಕೊಟ್ಟ ಬಾಗಿಲನ್ನೇ ಅವ್ವನೂ ತೆರೆದು ಹಿಡಿದಿದ್ದಳು. ಹೂಂ ಎಂದರೆ ಸಾಕಿತ್ತು, ಬಸ್ಸಿಗೂ ಹೊತ್ತಿತ್ತು.

"ಅಲ್ಲ ಅವ್ವ. ಬದುಕಿದ್ದದ್ದು ಒಂದು. ಎರಡನೇ ಸಸಿ ತಗೊಂಡು ಹೋದೋನು ನಾನೇ. ನಂಗೆ ಗೊತ್ತಿತ್ತು."

ನೀರು ಬುಡ ತುಂಬಿ, ಆಚೆ ಹರಿದು, ಅವಳ ಸೀರೆಯ ಅಂಚನ್ನು ನೆನೆಸಿತು. ಚೊಂಬು ಖಾಲಿಯಾದ ಮೇಲೂ ಅವಳು ಅದನ್ನು ಬಗ್ಗಿಸಿಯೇ ಹಿಡಿದಿದ್ದಳು. ಮಗನ ಮುಖ ನೋಡಲಿಲ್ಲ. ಸಸಿಯನ್ನೇ ನೋಡುತ್ತ ಮಾತಾಡಿದಳು.

"ಏಳು ವರ್ಷ ಅವಳನ್ನ ಬೈದ್ನಲ್ಲೋ ನಾನು."